ಕಮಲಾಪುರಕ್ಕೆ ಡಿಸ್ಕ್ ಡಾಕ್ಟರ್ ಬಂದರು

ಆ ಮುತ್ಯಾ, ಅಂದರೆ ಊರಿನ ಹಿರಿಯಜ್ಜ, ಸೀದಾ ಸ್ಟೇಜ್ ಹತ್ತಿದರು. ಕಂಕುಳಲ್ಲಿದ್ದ ದೊಡ್ಡ ಕವರಿನಿಂದ ಎಮ್ಮಾರೈ ಫಿಲ್ಮ್ ತೆಗೆದು ನಮ್ಮ ಸುಜಾತಾಳ ಕೈಗಿಟ್ಟರು. ಆಮೇಲೆ ಅವಳಿಗೆ ಬೆನ್ನು ಮಾಡಿ ನಿಂತು, ಇಡೀ ಸಭೆಯ ಎದುರಿಗೆ ಅಂಗಿ ಮೇಲೆತ್ತಿದರು.

"ಇಲ್ಲೇ ನೋಡ್ರಿ ಡಾಕ್ಟ್ರೇ. ಇಲ್ಲಿಂದ ಶುರು ಆಗ್ತದ, ಎಡಗಾಲಿನ ಹಿಮ್ಮಡ ತನಕ ಜಗ್ತದ."

ಸುಜಾತಾ ನನ್ನ ಕಡೆ ನೋಡಿದಳು. ನಾನು ಸೀಲಿಂಗ್ ಫ್ಯಾನ್ ಕಡೆ ನೋಡಿದೆ.

ಹೇಳಿ, ಇದರಲ್ಲಿ ಮುತ್ಯಾನ ತಪ್ಪೇನು? ಸುಜಾತಾ ಡಾಕ್ಟರ್, ಹೌದು. ಅವಳ ಕೆಲಸ ಡಿಸ್ಕಿನದು, ಅದೂ ಹೌದು. ಡಿಸ್ಕಿನ ಫೋಟೋ ನೋಡಿ ಒಳಗೆ ಏನಾಗಿದೆ ಅಂತ ಹೇಳುತ್ತಾಳೆ, ಅದಂತೂ ನೂರಕ್ಕೆ ನೂರು ಖರೆ. ಫರಕು ಇಷ್ಟೇ. ಅವಳ ಡಿಸ್ಕುಗಳು ಯಾರ ಸೊಂಟದಲ್ಲೂ ಇಲ್ಲ. ನೂರಾರು ಜ್ಯೋತಿರ್ವರ್ಷ ದೂರದಲ್ಲಿ, ಈಗಷ್ಟೇ ಹುಟ್ಟಿದ ನಕ್ಷತ್ರಗಳ ಸುತ್ತ ತಿರುಗುತ್ತಿವೆ.

ಈ ಫಜೀತಿ ಹೇಗಾಯಿತು ಅಂತ ಮೊದಲಿಂದ ಹೇಳುತ್ತೇನೆ.

ಸುಜಾತಾ ನನ್ನ ತಮ್ಮನ ಮಗಳು. ಪುಣೆಯಲ್ಲಿ ಓದಿ, ಈ ವರ್ಷ ಪಿಎಚ್‌ಡಿ ಮುಗಿಸಿ, ಹೆಸರಿನ ಮುಂದೆ 'ಡಾ.' ಹಾಕಿಕೊಂಡು ಹೋದ ತಿಂಗಳು ಕಲಬುರಗಿಗೆ ಬಂದಳು. ಗಾಜಿಪುರ ಓಣಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಸೂಸ್ಲಾ, ಮಿರ್ಚಿ ತಿನ್ನುತ್ತಿದ್ದಾಗ ನಾನೇ ಕೇಳಿದೆ, "ಅಲ್ಲ ಖೋಡಿ, ಇಷ್ಟು ವರ್ಷ ಅಲ್ಲಿ ಏನು ಮಾಡಿದಿ? ಒಮ್ಮೆ ನೆಟ್ಟಗೆ ಹೇಳು ನೋಡೋಣ." (ಪಕ್ಕದ ಮನೆಯವರಿಗೆ ನಾನು 'ಯಂಗ್ ಸ್ಟಾರ್‌ಗಳ ಫೋಟೋ ತೆಗೀತಾಳೆ' ಅಂತ ಹೇಳಿಬಿಟ್ಟಿದ್ದೆ. ಅವರ ಮಗಳು ಯಾವ ಹೀರೋ, ಯಾವ ಹೀರೋ ಅಂತ ನನ್ನ ಜೀವ ತಿಂದಿದ್ದಳು.)

ಸುಜಾತಾ ಮಿರ್ಚಿ ಕೆಳಗಿಟ್ಟು ಹೇಳಿದಳು. ಗಾಳಿ, ಧೂಳು ತುಂಬಿದ ಮೋಡ ಒಂದು ಕುಸಿದು ನಕ್ಷತ್ರ ಹುಟ್ಟುತ್ತದಂತೆ. ಉಳಿದ ಮಾಲು ಅದರ ಸುತ್ತ ತಿರುಗುತ್ತಾ ತಿರುಗುತ್ತಾ ಚಪ್ಪಟೆಯಾಗಿ ಒಂದು ತಟ್ಟೆಯಂತಾಗುತ್ತದಂತೆ. ಅದೇ ಡಿಸ್ಕ್. ಅದರೊಳಗೆ ಧೂಳಿಗೆ ಧೂಳು ಅಂಟಿ, ಹರಳಾಗಿ, ಕಲ್ಲಾಗಿ, ಬಂಡೆಯಾಗಿ, ಲಕ್ಷಾಂತರ ವರ್ಷಕ್ಕೆ ಗ್ರಹಗಳಾಗುತ್ತವಂತೆ. ನಾವು ಕುಳಿತಿರುವ ಈ ಭೂಮಿಯೂ ಹಾಗೇ ಆದದ್ದು.

"ಆದ್ರ ಭೂಮಿ ಹುಟ್ಟೋ ಮುಂದ ನೋಡಾಕ ಯಾರಿದ್ರು ಅತ್ತಿ? ಅದಕ್ಕ ಬ್ಯಾರೆ ನಕ್ಷತ್ರಗಳ ಮನಿ ಬಾಣಂತನ ನೋಡಿ ನಮ್ದು ಹೆಂಗಾಗಿರಬೇಕು ಅಂತ ತಿಳ್ಕೋತೀವಿ."

ಎಷ್ಟು ಚೆಂದ ಹೇಳಿದಳು! ನನಗೇ ಹೆಮ್ಮೆಯಿಂದ ಎದೆಯುಬ್ಬಿತು. "ಇದನ್ನ ನಿಮ್ಮ ಆಯಿಗೆ ಹೇಳೀಯೇನು?" ಅಂದೆ.

ಅವಳ ಮುಖ ಸಣ್ಣಗಾಯಿತು. "ದೊಡ್ಡ ದೊಡ್ಡೋರ ಮುಂದ ಇಂಗ್ಲಿಷಿನಾಗ ಪಟಪಟ ಮಾತಾಡೀನಿ. ಆಯಿಗೆ ಫೋನಿನಾಗ ಹೇಳಾಕ ಹೋದ್ರ ಬಾಯಿ ಬರಂಗಿಲ್ಲ. ಅಕಿಗೆ ಒಂದೇ ಒಂದು ಸಲ ತಿಳೀಬೇಕು ಅತ್ತಿ, ನಾ ಏನ್ ಮಾಡ್ತೀನಿ ಅಂತ. ಅಕಿಗೆ ತಿಳೀಲಿಲ್ಲಂದ್ರ ಈ ಡಾಕ್ಟರ್‌ಗಿರಿ ತಗೊಂಡು ನಾ ಏನ್ ಮಾಡ್ಲಿ?"

ಆಯಿ ಅಂದರೆ ನಮ್ಮವ್ವ. ಕಮಲಾಪುರದಲ್ಲಿ ನನ್ನ ತಮ್ಮನ ಜೊತೆ ಇರುತ್ತಾಳೆ. ಸುಜಾತಾಳನ್ನು ಸಾಕಿ ಬೆಳೆಸಿದವಳು. ವಯಸ್ಸಾದರೂ ಬಾಯಿ ಹದಿನಾರರದ್ದು.

ಆದರೆ ಅವ್ವ ಆಗಲೇ ತನ್ನ ಪಾಡಿಗೆ ತಿಳಿದುಕೊಂಡುಬಿಟ್ಟಿದ್ದಳು! ಸುಜಾತಾ ಫೋನಿನಲ್ಲಿ 'ಆಯಿ, ನಾ ಡಾಕ್ಟರ್ ಆದೆ, ಡಿಸ್ಕಿನ ಫೋಟೋದ ಮ್ಯಾಲ' ಅಂದದ್ದಷ್ಟೇ ಸಾಕಾಯಿತು. ಡಿಸ್ಕ್ ಅಂದರೆ ಏನು ಅಂತ ಯಾರಿಗೆ ಗೊತ್ತಿಲ್ಲ? ದಿನವಿಡೀ ಬಗ್ಗಿ ಕಳೆ ಕೀಳುವವರು, ಬಾಳೆಗೊನೆ ಹೊರುವವರು, ನಮ್ಮ ರಸ್ತೆಯ ಮೇಲೆ ಬೈಕ್ ಓಡಿಸುವವರು, ಎಲ್ಲರಿಗೂ ಇರುವುದು ಅದೊಂದೇ ಆಸ್ತಿ. ನನಗೂ ಇದೆ. ಅವ್ವ ಸ್ವಸಹಾಯ ಸಂಘದ ಸಭೆಯಲ್ಲಿ ಎದ್ದು ನಿಂತು ಸಾರಿಬಿಟ್ಟಿದ್ದಳು, "ನನ್ನ ಮೊಮ್ಮಗಳು ಡಿಸ್ಕ್ ಡಾಕ್ಟರ್ ಆಗ್ಯಾಳ. ಬಂದಾಗ ನಿಮ್ಮೆಲ್ಲರ ಸೊಂಟ ಪುಕ್ಕಟೆ ನೋಡ್ತಾಳ."

ಸಂಘದ ಅಧ್ಯಕ್ಷೆ ನೀಲಮ್ಮ. ನಮ್ಮವ್ವನ ಜೀವದ ಗೆಳತಿ, ಜೀವ ತಿನ್ನೋ ಗೆಳತಿಯೂ ಅವಳೇ. ಅವಳು ಬಿಡುತ್ತಾಳಾ? "ಅಷ್ಟು ದೊಡ್ಡ ಡಾಕ್ಟರ್ ಆದ್ರ ಒಮ್ಮಿ ಕರಸವ್ವಾ, ನೋಡೂಣು" ಅಂದಳಂತೆ.

ಇದೊಂದೂ ಗೊತ್ತಿಲ್ಲದ ನಾವಿಬ್ಬರು ಆ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆವು. ಸಂಘದ ಹೆಣ್ಣುಮಕ್ಕಳು ಸುಜಾತಾಳ ಭಾಷಣ ಕೇಳಲಿಕ್ಕೆ ಸೇರುತ್ತಾರೆ ಅಂತಷ್ಟೇ ತಮ್ಮ ಹೇಳಿದ್ದ. ಸುಜಾತಾ ದಾರಿಯುದ್ದಕ್ಕೂ ಹಾಳೆ ಹಿಡಿದು ಕನ್ನಡದ ಭಾಷಣ ಬಾಯಿಪಾಠ ಮಾಡುತ್ತಿದ್ದಳು.

ಸಮುದಾಯ ಭವನದ ಮುಂದೆ ಫ್ಲೆಕ್ಸ್ ಕಟ್ಟಿದ್ದರು. 'ಡಿಸ್ಕ್ ತಜ್ಞೆ ಡಾ. ಸುಜಾತಾ ಅವರಿಗೆ ಹಾರ್ದಿಕ ಸ್ವಾಗತ.' ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸೂಚನೆ: 'ಬೆನ್ನು ನೋವಿನವರು ಹಳೆಯ ರಿಪೋರ್ಟ್ ತರತಕ್ಕದ್ದು.'

ನಾನು ನಿಂತಲ್ಲೇ ನಿಂತೆ. ಒಳಗೆ ಇಣುಕಿದರೆ ಹಾಲ್ ತುಂಬ ಜನ, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಕವರ್. ಭಾಷಣದ ಚಿತ್ರಕ್ಕೆಂದು ಸ್ಟೇಜಿನ ಮೇಲೆ ಪರದೆ ಇಳಿಬಿಟ್ಟು, ಕಿಟಕಿಗಳಿಗೆ ಸೀರೆ ಕಟ್ಟಿ ಕತ್ತಲು ಮಾಡಿದ್ದರು. ಎದುರು ಸಾಲಿನಲ್ಲಿ ನಮ್ಮವ್ವ, ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಸಾಕ್ಷಾತ್ ಮುಖ್ಯ ಅತಿಥಿಯ ಗತ್ತಿನಲ್ಲಿ ಕುಳಿತಿದ್ದಳು.

"ವಾಪಸ್ ಹೋಗೂಣೇನ?" ಅಂದೆ ಮೆಲ್ಲಗೆ.

"ಹುಚ್ಚೇನ ಅತ್ತಿ? ಆಯಿ ಮಾರಿ ನೋಡು ಎಷ್ಟು ಖುಷಿ ಅದ" ಅಂದಳು ಸುಜಾತಾ. ಭಾಷಣದ ಹಾಳೆಯನ್ನು ಮಾತ್ರ ಉಲ್ಟಾ ಹಿಡಿದಿದ್ದಳು.

ಒಳಗೆ ಹೋಗಿ ಅವಳು ಸ್ಟೇಜಿನ ಮೇಲೆ ನಿಂತಿದ್ದಳಷ್ಟೇ, ಅಷ್ಟರಲ್ಲೇ ಮುತ್ಯಾ ಸ್ಟೇಜ್ ಹತ್ತಿ ಅಂಗಿ ಎತ್ತಿದ್ದು.

ಸುಜಾತಾ ಫಿಲ್ಮನ್ನು ಬಾಗಿಲ ಕಡೆಯ ಬೆಳಕಿಗೆ ಹಿಡಿದು ಮರ್ಯಾದೆಯಿಂದ ನೋಡಿದಳು. ಆಮೇಲೆ ಹೇಳಿದಳು, "ಮುತ್ಯಾ, ತಪ್ಪು ತಿಳೀಬ್ಯಾಡ್ರಿ. ನಾ ಈ ಡಿಸ್ಕಿನ ಡಾಕ್ಟರ್ ಅಲ್ರಿ."

 ಎದುರು ಸಾಲಿನಿಂದ ನೀಲಮ್ಮನ ದನಿ ಎದ್ದಿತು. "ಮತ್ತ ಯಾವ ಡಿಸ್ಕಿನಾಕಿ ನೀನು?"

"ನಕ್ಷತ್ರದ್ದರಿ."

ಯಾರೋ ಕಿಸಕ್ಕನೆ ನಕ್ಕರು. ಕವರುಗಳ ಸರಬರ ಸದ್ದು ಶುರುವಾಯಿತು. ಹಿಂದಿನ ಸಾಲಿನವರು ಚಪ್ಪಲಿ ಹುಡುಕತೊಡಗಿದರು. ಅವ್ವ ನಾಚಿಕೆಗೆ ಸೆರಗನ್ನು ಹಣೆ ಮುಚ್ಚುವಂತೆ ಎಳೆದುಕೊಂಡಳು. ಅವ್ವ ಹಾಗೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. 

ಸುಜಾತಾ ಗಾಬರಿಯಲ್ಲಿ ಲ್ಯಾಪ್‌ಟಾಪ್ ಒತ್ತಿದಳು. ಪರದೆಯ ಮೇಲೆ ಕೇಸರಿ ಬಣ್ಣದ ಒಂದು ದುಂಡನೆಯ ಚಿತ್ರ ಬಂತು. ನಡುವೆ ಝಗಝಗ ಹೊಳೆಯುವ ಚುಕ್ಕೆ. ಸುತ್ತ ಬೆಳಕಿನ ಬಳೆ, ಆಮೇಲೆ ಕಪ್ಪು ಬಳೆ, ಮತ್ತೆ ಬೆಳಕು, ಮತ್ತೆ ಕಪ್ಪು. ದೂರದ ಮರುಭೂಮಿಯಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ದೊಡ್ಡ ದೊಡ್ಡ ಡಿಶ್‌ಗಳು ಹಿಡಿದ ಚಿತ್ರವಂತೆ. ಇವಳು ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒದರತೊಡಗಿದಳು. "ನವಜಾತ ನಕ್ಷತ್ರದ ಸುತ್ತ ಧೂಳಿನ ಕಣಗಳಿರುತ್ತವೆ. ಆ ಕಣಗಳು ಪರಸ್ಪರ ಸಂಯೋಗಗೊಂಡು..."

ಪಾಪ, ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕವೇ ಎದ್ದು ಬಂದು ಮಾತಾಡಿದಂತಿತ್ತು.

ನೀಲಮ್ಮ ಬಿಡಲಿಲ್ಲ. "ಕಣ ಅಂತೀಯಲ್ಲವ್ವಾ, ಅಲ್ಲೇನು ಜೋಳ ಬೆಳೀತಾರೇನು, ಕಣ ಮಾಡಿ ರಾಶಿ ಮಾಡಾಕ?"

ಹಾಲ್ ಹೋ ಅಂತ ನಕ್ಕಿತು.

ನೋಡಿ, ಕನ್ನಡದೊಳಗೇ ಎರಡು ಕನ್ನಡ ಹೇಗಿವೆ! ಪುಸ್ತಕದವರಿಗೆ ಕಣ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು. ನಮ್ಮ ಕಡೆ ಹೊಲದಲ್ಲಿ ದುಡಿದವರಿಗೆ ಕಣ ಅಂದರೆ ತೆನೆ ತುಳಿಸುವ ದುಂಡನೆಯ ಅಂಗಳ. ನಡುವೆ ಮೇಟಿ ಅನ್ನುವ ಕಂಬ. ಅದಕ್ಕೆ ಸಾಲಾಗಿ ಎತ್ತು ಕಟ್ಟಿ ಸುತ್ತ ಹೊಡೆಯುತ್ತಾರೆ. ಅದಕ್ಕೆ ಹಂತಿ ಅನ್ನುತ್ತಾರೆ. ಈಗ ಮಷೀನ್ ಬಂದು ಹಂತಿ ಹೋಯಿತು, ಆದರೆ ಆ ಹಾಲಿನಲ್ಲಿದ್ದ ಹಿರಿಯರಿಗೆಲ್ಲ ಹಂತಿ ಗೊತ್ತು.

ಸುಜಾತಾ "ಇಲ್ರಿ, ಕಣ ಅಂದ್ರ ಸಣ್ಣ..." ಅಂತ ತಿದ್ದಲಿಕ್ಕೆ ಹೋದಳು. ಅಷ್ಟರಲ್ಲಿ ನಮ್ಮವ್ವ ಎದ್ದು ನಿಂತಳು.

ಅವ್ವನಿಗೆ ಆಗ ಏನಾದರೂ ತಿಳಿದಿತ್ತೇ? ಏನೂ ಇಲ್ಲ. ಮೊಮ್ಮಗಳನ್ನು ನೋಡಿ ಮಂದಿ ನಕ್ಕರಲ್ಲ, ಅದಕ್ಕೆ ಎದ್ದಳು. ಸಿಟ್ಟಿನಲ್ಲಿ ಕೈ ಪರದೆಯ ಕಡೆಗೆ ಚಾಚಿ, "ಯಾಕ ನಗ್ತೀರಿ? ಕಣ್ಣ ಬಿಟ್ಟು ನೋಡ್ರಿ! ನಮ್ಮ ಹುಡುಗಿ ಕಣ ಅಂದ್ರ ಕಣಾನೇ. ನಡು ಮೇಟಿ ಕಾಣವಲ್ದೇನು ನಿಮಗ?" ಅಂದಳು.

ಅಂದವಳೇ ತಾನೂ ಪರದೆಯ ಕಡೆ ತಿರುಗಿ ನೋಡಿದಳು. ಬಾಯಿ ತೆರೆದೇ ಉಳಿಯಿತು.

ಎಲ್ಲರೂ ನೋಡಿದರು. ನಾನೂ ನೋಡಿದೆ. ಎವ್ವಾ, ಹೌದಲ್ಲ! ನಡುವೆ ಮೇಟಿ. ಸುತ್ತ ಹರವಿದ ತೆನೆ. ಎತ್ತು ತುಳಿದು ತುಳಿದು ಬಿದ್ದ ಹಾದಿ.

ಸುಜಾತಾ ತನ್ನ ಹಾಳೆ ನೋಡಿದಳು, ಪರದೆ ನೋಡಿದಳು, ಆಯಿಯನ್ನು ನೋಡಿದಳು. ಹಾಳೆಯನ್ನು ಮಡಚಿ ಬ್ಯಾಗಿಗೆ ತುರುಕಿದಳು. "ಆಯಿ ಹೇಳಿದ್ದು ಖರೆ ಅದ. ಎಲ್ಲಾರೂ ಏಳ್ರಿ. ಕುರ್ಚಿ ಸರಿಸ್ರಿ. ಹಂತಿ ಹೂಡೂಣು!"

ಆಮೇಲಿನದನ್ನು ಬರೆಯುವಾಗ ಈಗಲೂ ನಗು ಬರುತ್ತದೆ. ಬೆನ್ನು ನೋವು ಅಂತ ಬಂದವರೆಲ್ಲ ಕವರನ್ನು ಗೋಡೆಗೆ ಆನಿಸಿಟ್ಟು ಎದ್ದರು. ಮೇಟಿ ಯಾರು? ನಮ್ಮ ಎಮ್ಮಾರೈ ಮುತ್ಯಾ. "ನಂಗ ತಿರಗಾಕ ಆಗಂಗಿಲ್ಲ, ನಾ ನಡು ನಿಂದ್ರತೀನಿ" ಅಂದರು. ಸುಜಾತಾ "ನೀವೇ ನಕ್ಷತ್ರ ಮುತ್ಯಾ. ವಯಸ್ಸು ಹತ್ತು ಲಕ್ಷ ವರ್ಷ. ಇನ್ನೂ ತೊಟ್ಟಲದಾಗಿನ ಕೂಸು ನೀವು" ಅಂದಾಗ ಮುತ್ಯಾ ಬೊಚ್ಚುಬಾಯಿ ತುಂಬ ನಕ್ಕರು.

ಎಲ್ಲರೂ ಸುತ್ತಲೂ ನಿಂತರು. ಒಂದು ತಕರಾರು ಬಂತು. ಹಂತಿಯಲ್ಲಿ ಮೇಟಿಯ ಮಗ್ಗುಲಿನ ಎತ್ತಿಗೆ ಕೆಲಸ ಕಡಿಮೆ, ಹೊರಗಿನದು ದೊಡ್ಡ ಸುತ್ತು ಹೊಡೆಯಬೇಕು. ಹಾಗಾಗಿ ಮೊಣಕಾಲು ನೋವಿನವರೆಲ್ಲ ಮುತ್ಯಾನ ಮಗ್ಗುಲಿಗೇ ಮುಕುರಿದರು.

"ಇಲ್ರಿ, ಇಲ್ಲೇ ಉಲ್ಟಾ ಅದ!" ಅಂತ ಚೀರಿದಳು ಸುಜಾತಾ. "ಆಕಾಶದ ಕಣದಾಗ ಹಗ್ಗ ಇಲ್ಲ. ನಕ್ಷತ್ರ ತಾನೇ ಜಗ್ತದ. ಹತ್ರ ಇದ್ದೋರನ್ನ ಜೋರು ಜಗ್ತದ, ಅದಕ್ಕ ಒಳಗಿನೋರು ಓಡಬೇಕು. ಹೊರಗಿನೋರು ಸಾವಕಾಶ ಬಂದ್ರ ನಡೀತದ."

ತಗೊಳ್ಳಿ, ಒಳಗಿದ್ದವರೆಲ್ಲ ಹೊರಗೆ ಓಡಿದರು. ಹಾಲ್ ತುಂಬ ಗದ್ದಲ, ನಗು, ಬಳೆಗಳ ಸದ್ದು. ಕೊನೆಗೆ ಹೇಗೋ ಸುತ್ತು ಶುರುವಾಯಿತು. ಮುತ್ಯಾ ನಡುವೆ ನಿಂತವರು ಸುಮ್ಮನಿರಲಿಲ್ಲ. ಕಿವಿಗೆ ಕೈ ಹಚ್ಚಿ ಹಂತಿ ಪದದ ರಾಗ ಎಳೆದೇಬಿಟ್ಟರು. ಆ ದನಿ ಕೇಳಿ ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ಬಾಗಿಲಿಗೆ ಬಂದು ನಿಂತರು.

"ಮಗ್ಗಲದಾಗ ಯಾರು ಬರ್ತಾರ, ಅವರ ಕೈ ಹಿಡ್ಕೋರಿ. ಹಿಡಿದ ಕೈ ಬಿಡಬ್ಯಾಡ್ರಿ" ಅಂದಳು ಸುಜಾತಾ.

ಇಬ್ಬರು ಸೇರಿದರು. ಮೂವರಾದರು. ನೀಲಮ್ಮ ಮೊದಲೇ ದೊಡ್ಡ ಆಳು, ಹೋದಲ್ಲೆಲ್ಲ ಎರಡೂ ಕೈ ಚಾಚಿ ಸಿಕ್ಕ ಸಿಕ್ಕವರನ್ನು ಬಾಚಿಕೊಂಡಳು. ಅವಳ ಸುತ್ತಿನಲ್ಲಿ ಅವಳ ಗುಂಪು ಬಿಟ್ಟರೆ ಯಾರೂ ಉಳಿಯಲಿಲ್ಲ.

"ನೀಲಮ್ಮಾಯಿ ಗುರು ಗ್ರಹ ಆದ್ರು!" ಅಂತ ಸುಜಾತಾ ಕೂಗಿದಳು. ಗುರುಬಲ ತನಗೇ ಬಂತು ಅಂತ ನೀಲಮ್ಮ ಖುಷ್! (ನಾನೂ ತಿರುಗಿದೆ ಅಂತ ಬೇರೆ ಹೇಳಬೇಕಾ? ಯಾವ ಗ್ರಹಕ್ಕೂ ಅಂಟದೆ ಉಳಿದ ಕಲ್ಲು ನಾನು.)

"ಈಗ ನಿಂದ್ರಿ. ನೆಲ ನೋಡ್ರಿ."

ಗಾಳಿಯ ದಿನಗಳಲ್ಲವೇ, ಹಾಲಿನ ನೆಲದ ಮೇಲೆ ಧೂಳು ಕುಳಿತಿತ್ತು. ಅದರ ಮೇಲೆ ನಮ್ಮೆಲ್ಲರ ಕಾಲಿನ ಗುರುತು. ಮುತ್ಯಾನ ಸುತ್ತ ಒಂದು ಹಾದಿ, ಆಮೇಲೆ ಧೂಳು, ನೀಲಮ್ಮನ ಗುಂಪು ತಿರುಗಿದಲ್ಲಿ ಅಗಲವಾದ ಇನ್ನೊಂದು ಹಾದಿ, ಆಮೇಲೆ ಮತ್ತೆ ಧೂಳು. ಪರದೆಯ ಮೇಲೆ ಏನಿತ್ತೋ ನಮ್ಮ ಕಾಲ ಕೆಳಗೂ ಅದೇ ಇತ್ತು.  

ಅವ್ವ ನಿಧಾನಕ್ಕೆ ಪರದೆಯ ಹತ್ತಿರ ಹೋದಳು. ಕಪ್ಪು ಬಳೆಯ ಮೇಲೆ ಬೆರಳಿಟ್ಟಳು. "ಇದು ಹಾದಿ. ಮತ್ತ ಇದನ್ನ ತುಳಿದಾಕಿ ಎಲ್ಲಿದ್ದಾಳ? ಇಲ್ಲಿ ಕಾಣವಲ್ಲಳು?"

ಸುಜಾತಾ ಆಯಿಯ ಪಕ್ಕಕ್ಕೆ ಬಂದು ನಿಂತಳು. "ಅಕಿನೇ ಗ್ರಹ, ಇನ್ನೂ ಸಣ್ಣಾಕಿ ಆಯಿ. ಧೂಳಿನಾಗ ಮುಚ್ಚಿರ್ತಾಳ. ಎಷ್ಟೋ ಸಲ ಕಾಣಂಗೇ ಇಲ್ಲ. ಹಾದಿ ನೋಡಿ, ಇಲ್ಲಿ ಒಬ್ಬಾಕಿ ತಿರಗಾಕತ್ಯಾಳ ಅಂತ ಹೇಳ್ತೀವಿ. ಒಮ್ಮೊಮ್ಮಿ ಬ್ಯಾರೆ ಕಾರಣಕ್ಕೂ ಹಾದಿ ಬೀಳ್ತದ. ಯಾವುದು ಖರೆ ಅಂತ ಹುಡುಕೋದೇ ನನ್ನ ಕೆಲಸ."

ಅವ್ವ ಪರದೆಯಿಂದ ಬೆರಳು ತೆಗೆದಳು. ಆಮೇಲೆ ಗದರಿದಳು, "ಇಷ್ಟೇನಾ? ಇದನ್ನ ಫೋನಿನಾಗ ಹೇಳಾಕ ನಿಂಗ ಏನಾಗಿತ್ತು? ಡಿಸ್ಕ್ ಡಿಸ್ಕ್ ಅಂತ ನನ್ನ ತಲಿ ತಿಂದಿ!"

ಸುಜಾತಾ ನಗುತ್ತಾ ಅತ್ತಳೋ, ಅಳುತ್ತಾ ನಕ್ಕಳೋ ನನಗೆ ತಿಳಿಯಲಿಲ್ಲ. ಆಯಿಯನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ನನ್ನ ಕಣ್ಣಲ್ಲೂ ನೀರು ಬಂತು. ಧೂಳಿಗೆ ಅಂತ ನೀಲಮ್ಮನಿಗೆ ಹೇಳಿದೆ. ಅವಳೂ ಅದನ್ನೇ ಹೇಳಿದಳು.

ಹೊರಡುವ ಹೊತ್ತಿಗೆ ಮನೆಗೊಂದರಂತೆ ಕೆಂಪು ಬಾಳೆಹಣ್ಣಿನ ಚಿಪ್ಪು ಬಂದು ಬಿದ್ದವು. ಎಮ್ಮಾರೈ ಮುತ್ಯಾ ಕವರ್ ಹಿಡಿದು ಮತ್ತೆ ಬಂದರು. "ಎಲ್ಲಾ ಚಲೋ ಆತವ್ವಾ. ಮತ್ತ ನನ್ನ ಸೊಂಟ?"

"ಕಲಬುರಗಿಗೆ ಬರ್ರಿ ಮುತ್ಯಾ. ಖರೆ ಡಾಕ್ಟರ್ ಹತ್ರ ನಮ್ಮ ಅತ್ತಿ ಕರಕೊಂಡು ಹೋಗ್ತಾಳ" ಅಂದಳು ಸುಜಾತಾ, ನನ್ನನ್ನು ಒಂದು ಮಾತು ಕೇಳದೆ. ಮೊನ್ನೆ ಕರೆದುಕೊಂಡು ಹೋಗಿ ಬಂದೆ. ಪಾಳಿಗೆ ಕುಳಿತ ಪೇಷಂಟುಗಳಿಗೆಲ್ಲ ಮುತ್ಯಾ ತಾನು ಹತ್ತು ಲಕ್ಷ ವರ್ಷದ ಕೂಸು ಹೇಗೆ ಅಂತ ವಿವರಿಸುತ್ತಿದ್ದರು. ಡಾಕ್ಟರು ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳಿದರು, "ಇವರಿಗೆ ಸೊಂಟ ಒಂದೇನಾ ತ್ರಾಸು?"

ಈಗ ನಿಮಗೊಂದು ಪ್ರಶ್ನೆ. ನೀವು ಆಫೀಸಿನಲ್ಲಿ ದಿನವಿಡೀ ಏನು ಮಾಡುತ್ತೀರಿ ಅಂತ ನಿಮ್ಮ ಮನೆಯ ಹಿರಿಯರಿಗೆ ಗೊತ್ತಾ? 'ಅವರಿಗೆ ತಿಳಿಯಂಗಿಲ್ಲ ಬಿಡ್ರಿ' ಅನ್ನುತ್ತೀರಿ. ಹೇಳಿ ನೋಡಿದ್ದೀರಾ? ಅವರ ಮಾತು ಹುಡುಕಿಕೊಂಡು ಒಂದು ಹೆಜ್ಜೆ ಆ ಕಡೆ ಹೋಗಿದ್ದೀರಾ? ನಾನಂತೂ 'ಯಂಗ್ ಸ್ಟಾರ್' ಅಂದು ಕೈತೊಳೆದುಕೊಂಡಿದ್ದೆ. ಹೇಳುವವರಿಗೆ ಪುರುಸೊತ್ತಿಲ್ಲ, ಕೇಳುವವರಿಗೆ ಸಂಕೋಚ. ಹಾಗಾಗಿ ಒಂದೇ ಮನೆಯಲ್ಲಿದ್ದೂ ಒಬ್ಬರ ಕೆಲಸ ಒಬ್ಬರಿಗೆ ಗೊತ್ತಿರುವುದಿಲ್ಲ.

ಸುಜಾತಾ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಆಯಿಗೆ ಕೊಟ್ಟು ಪುಣೆಗೆ ಹೋದಳು. ಅವ್ವ ಅದನ್ನು ಬಾಗಿಲ ಎದುರಿನ ಗೋಡೆಗೇ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದರ ವಿವರಣೆ ಸಿಗುತ್ತದೆ. ಮೇಟಿ ಯಾವುದು, ಹಾದಿ ಯಾವುದು, ಒಳಗಿನೋರು ಯಾಕೆ ಓಡಬೇಕು, ಎಲ್ಲ. ನೀಲಮ್ಮ ಪಕ್ಕದಲ್ಲೇ ಕುಳಿತು ಗುರು ಗ್ರಹದ ಭಾಗ ಹೇಳುತ್ತಾಳೆ.

ನಿನ್ನೆ ಫೋನ್ ಮಾಡಿದಾಗ ಅವ್ವ ಭಾರಿ ಖುಷಿಯಲ್ಲಿದ್ದಳು. ನಮ್ಮವ್ವ ಹರೆಯದಿಂದಲೂ ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ನಮಗೆ ಒಂದು ಗುಂಟೆ ಹೊಲ ಇರಲಿಲ್ಲ. ಹೊಲವೇ ಇಲ್ಲದ ಮೇಲೆ ಕಣ ಎಲ್ಲಿಂದ ಬರಬೇಕು? ರಾಶಿಯ ದಿನಗಳಲ್ಲಿ ಮಂದಿಯ ಕಣ ಬಳಿದು, ಕಸ ಹೊಡೆದು, ತೂರಿ, ಬರಿಗೈಯಲ್ಲಿ ಸೆರಗು ಝಾಡಿಸಿಕೊಂಡು ಮನೆಗೆ ಬರುತ್ತಿದ್ದಳು. ಅದನ್ನು ಅವಳು ಯಾವತ್ತೂ ದುಃಖದಿಂದ ಹೇಳಿದವಳಲ್ಲ. ನಿನ್ನೆಯೂ ನಗುತ್ತಲೇ ಅಂದಳು, "ಇಷ್ಟು ವರ್ಷ ಮಂದಿ ಕಣದಾಗ ದುಡಿದೆ ನೋಡವ್ವಾ. ಈಗ ನಮ್ದೇ ಒಂದು ಕಣ ಆತು."

ಆಯಿತು ಅವ್ವಾ, ಖರೆ ಆಯಿತು. ಇನ್ನು ಅದರ ಪಹಣಿ ನಿನ್ನ ಹೆಸರಿಗೆ ಮಾಡಿಸಬೇಕೆಂದರೆ ನಾನು ಯಾವ ತಹಸೀಲ್ ಆಫೀಸಿಗೆ ಹೋಗಲಿ?